ಅಫಿನಿಟಿ ಉಚಿತವಾಯಿತು, ವೆಕ್ಟರ್ ಚಿತ್ರ ಬಿಡಿಸುವುದು ಸುಲಭವಾಯಿತೇ?

2025ರ ಅಕ್ಟೋಬರ್ 30ರಂದು ಕ್ಯಾನ್ವಾ ಕಂಪನಿ ಅಫಿನಿಟಿ ಎಂಬ ವಿನ್ಯಾಸ ತಂತ್ರಾಂಶದ ಹೊಸ ಆವೃತ್ತಿಯನ್ನು ಉಚಿತವಾಗಿ ಬಿಡುಗಡೆ ಮಾಡಿತು. ಅಲ್ಲಿಯವರೆಗೆ ಒಮ್ಮೆ ದುಡ್ಡು ಕೊಟ್ಟು ಕೊಳ್ಳಬೇಕಿದ್ದ ಡಿಸೈನರ್, ಫೋಟೋ, ಪಬ್ಲಿಷರ್ ಎಂಬ ಮೂರು ತಂತ್ರಾಂಶಗಳು ಒಂದೇ ಆಪ್‌ನೊಳಗೆ ಸೇರಿಕೊಂಡವು. ಸುದ್ದಿ ಬಂದದ್ದೇ ತಡ, ಎರಡು ಪ್ರಶ್ನೆಗಳು ಎದ್ದವು. ಉಚಿತ ಎಂದರೆ ನಿಜಕ್ಕೂ ಉಚಿತವೇ? ಹಾಗಿದ್ದರೆ ಇಲ್ಲಸ್ಟ್ರೇಟರ್, ಕೋರೆಲ್‌ಡ್ರಾ, ಇಂಕ್‌ಸ್ಕೇಪ್‌ನಂಥ ಬೇರೆ ವೆಕ್ಟರ್ ಆಪ್‌ಗಳೆಲ್ಲ ಇನ್ನು ಯಾಕೆ ಬೇಕು?

ಮೊದಲನೆಯದಕ್ಕೆ ಉತ್ತರ ಬೇಗ ಸಿಗುತ್ತದೆ. ಎರಡನೆಯದಕ್ಕೆ ಬೆಲೆಯ ಲೆಕ್ಕ ಸಾಲದು. ಲೋಗೊ, ಐಕಾನ್, ಪೋಸ್ಟರ್ ಮಾಡಲು ಹೊರಟ ಹೊಸಬರು ಅರ್ಧಕ್ಕೇ ಕೈಬಿಡುವುದು ಬಹಳ ಸಲ ದುಡ್ಡಿಗಾಗಿ ಅಲ್ಲ. ಗೆರೆ ಹೇಳಿದ ಮಾತು ಕೇಳುವುದಿಲ್ಲ ಎಂಬ ಬೇಸರಕ್ಕೆ. ಆ ಬೇಸರ ಯಾವ ಆಪ್‌ನಲ್ಲಿ ಎಲ್ಲಿ ಶುರುವಾಗುತ್ತದೆ ಎಂದು ನೋಡಿಯೇ ಆಯ್ಕೆ ಮಾಡಬೇಕು.

ಆಗಿದ್ದೇನು?

ಅಫಿನಿಟಿಯನ್ನು ಕಟ್ಟಿದ್ದು ಸೆರಿಫ್ ಎಂಬ ಬ್ರಿಟಿಷ್ ಕಂಪನಿ. ಅಡೋಬಿ 2013ರಲ್ಲಿ ಇಲ್ಲಸ್ಟ್ರೇಟರ್ ಸೇರಿದಂತೆ ತನ್ನ ಮುಖ್ಯ ತಂತ್ರಾಂಶಗಳನ್ನೆಲ್ಲ ಚಂದಾ ಪದ್ಧತಿಗೆ ತಂದಿತು. ತಿಂಗಳು ತಿಂಗಳೂ ಕಟ್ಟಲು ಒಲ್ಲದವರಿಗೆ ಸೆರಿಫ್‌ನ 'ಒಮ್ಮೆ ಕೊಂಡರೆ ಮುಗಿಯಿತು' ಎಂಬ ಮಾತು ಹಿಡಿಸಿತು. 2024ರ ಮಾರ್ಚ್‌ನಲ್ಲಿ ಕ್ಯಾನ್ವಾ ಸೆರಿಫ್ ಅನ್ನು ಕೊಂಡಿತು. ಬಳಕೆದಾರರು ಗಾಬರಿಯಾದಾಗ, ಒಮ್ಮೆ ಕೊಂಡು ಸದಾ ಬಳಸುವ ಪರವಾನಗಿ ಮುಂದೆಯೂ ಇರುತ್ತದೆ ಎಂದು ಎರಡೂ ಕಂಪನಿಗಳು ಸೇರಿ ಭರವಸೆ ಕೊಟ್ಟವು. ಒಂದೂವರೆ ವರ್ಷದ ಮೇಲೆ ಬಂದದ್ದು ಈ ಉಚಿತ ಆವೃತ್ತಿ.

ಇದನ್ನು ಬಳಸಲು ಕ್ಯಾನ್ವಾದಲ್ಲಿ ಉಚಿತ ಖಾತೆ ತೆರೆಯಬೇಕು. ಇಳಿಸಿಕೊಂಡು ಚಾಲೂ ಮಾಡುವಾಗ ಇಂಟರ್‌ನೆಟ್ ಬೇಕು. ಆಮೇಲೆ ಇಲ್ಲದೆಯೂ ಕೆಲಸ ನಡೆಯುತ್ತದೆ. ಗೆರೆ ಎಳೆಯುವುದು, ಬಣ್ಣ ತುಂಬುವುದು, ಪುಟ ಕಟ್ಟುವುದು, ಹೊರಗೆ ಕಳಿಸುವುದು ಯಾವುದಕ್ಕೂ ದುಡ್ಡಿಲ್ಲ. ಕೃತಕ ಬುದ್ಧಿಮತ್ತೆಯ ಸೌಲಭ್ಯಗಳಿಗೆ ಮಾತ್ರ ಕ್ಯಾನ್ವಾದ ಚಂದಾ ಬೇಕು. ಕಂಪನಿಯ ಲೆಕ್ಕಾಚಾರವೂ ಅಲ್ಲೇ ಇದೆ: ವೃತ್ತಿಪರರು ಅಫಿನಿಟಿಯಲ್ಲಿ ಮಾಡಿದ್ದನ್ನು ಅವರ ಕಚೇರಿಯ ಉಳಿದವರು ಕ್ಯಾನ್ವಾದಲ್ಲಿ ಬಳಸಲಿ, ಚಂದಾ ಅಲ್ಲಿಂದ ಬರಲಿ. ಲಿನಕ್ಸ್‌ಗೆ ಇದರ ಆವೃತ್ತಿ ಇಲ್ಲ, ಹಾಗಾಗಿ ಲಿನಕ್ಸ್ ಬಳಸುವವರ ಪಾಲಿಗೆ ಈ ಸುದ್ದಿಯಿಂದ ಬದಲಾಗಿದ್ದು ಏನೂ ಇಲ್ಲ.

'ಸುಲಭ' ಎಂಬ ಪದದೊಳಗೆ ಎರಡು ಸಂಗತಿ

ಫೋಟೋ ಎಂದರೆ ಬಣ್ಣದ ಚುಕ್ಕೆಗಳ ಜಾಲ. ವೆಕ್ಟರ್ ಚಿತ್ರ ಎಂದರೆ ಗೆರೆಗಳ ವಿವರಣೆ: ಇಲ್ಲೊಂದು ಬಿಂದು, ಅಲ್ಲೊಂದು ಬಿಂದು, ನಡುವೆ ಗೆರೆ ಹೀಗೆ ಬಾಗಲಿ. ಆ ಬಿಂದುವಿಗೆ ಇಂಕ್‌ಸ್ಕೇಪ್‌ನಲ್ಲಿ ನೋಡ್ ಎನ್ನುತ್ತಾರೆ, ಇಲ್ಲಸ್ಟ್ರೇಟರ್‌ನಲ್ಲಿ ಆಂಕರ್ ಪಾಯಿಂಟ್. ಅದರಿಂದ ಹೊರಟ ಕಡ್ಡಿಯಂಥ ಹ್ಯಾಂಡಲ್ ಯಾವ ದಿಕ್ಕಿಗೆ, ಎಷ್ಟು ಉದ್ದಕ್ಕೆ ಇದೆಯೋ ಅದರಂತೆ ಗೆರೆ ಬಾಗುತ್ತದೆ. ಕಾರುಗಳ ಮೈಯ ಬಾಗನ್ನು ಲೆಕ್ಕಕ್ಕೆ ತರಲು ಫ್ರಾನ್ಸಿನ ರೆನೋ ಕಂಪನಿಯ ಪಿಯರ್ ಬೆಜಿಯೆ ಮತ್ತು ಸಿಟ್ರೊಯೆನ್‌ನ ಪಾಲ್ ದ ಕಾಸ್ಟಲ್ಯೂ ಬೇರೆಬೇರೆಯಾಗಿ ರೂಪಿಸಿದ ಗಣಿತವೇ ಇದು. 1987ರ ಮೊದಲ ಇಲ್ಲಸ್ಟ್ರೇಟರ್‌ನಿಂದ ಹಿಡಿದು ಇವತ್ತಿನ ಅಫಿನಿಟಿಯವರೆಗೆ ಒಳಗಿನ ಎಂಜಿನ್ ಇದೇ. ಹೊರಗಿನ ಸ್ಟೀರಿಂಗು, ಗೇರು ಮಾತ್ರ ಬೇರೆ.

ಹೀಗಾಗಿ ಸುಲಭ ಎಂದಾಗ ಎರಡನ್ನು ಬಿಡಿಸಿ ನೋಡಬೇಕು. ಮೊದಲ ಗಂಟೆಯಲ್ಲಿ ಏನಾದರೊಂದು ಚಿತ್ರ ಮೂಡಿಸುವುದು ಒಂದು. ಮೂಡಿದ ಚಿತ್ರವನ್ನು ಮೂರು ತಿಂಗಳ ಮೇಲೆ ತೆರೆದು, ಬೇಕಾದ ಕಡೆ ಮಾತ್ರ ತಿದ್ದಿ, ಕೆಡದಂತೆ ಇನ್ನೊಬ್ಬರಿಗೆ ಕಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ಗೆದ್ದ ಆಪ್ ಎರಡನೆಯದರಲ್ಲಿ ಸೋಲುವುದುಂಟು. ನನ್ನ ಮಟ್ಟಿಗೆ ತೂಕ ಹೆಚ್ಚು ಕೊಡಬೇಕಾದದ್ದು ಎರಡನೆಯದಕ್ಕೆ.

ಒಂದು ಅರ್ಧಚಂದ್ರ, ಐದು ಆಪ್

ಹೋಲಿಸಲು ಒಂದೇ ಕೆಲಸವನ್ನು ಎಲ್ಲ ಕಡೆ ಮಾಡಿ ನೋಡುವುದು ಒಳ್ಳೆಯ ದಾರಿ. ಒಂದು ವೃತ್ತ, ಅದರ ಮೇಲೆ ಅದೇ ಅಳತೆಯ ಇನ್ನೊಂದು ವೃತ್ತವನ್ನು ಸ್ವಲ್ಪ ಬಲಕ್ಕೆ ಸರಿಸಿಟ್ಟು ಕಳೆದರೆ ಅರ್ಧಚಂದ್ರ ಉಳಿಯುತ್ತದೆ.

ಇಂಕ್‌ಸ್ಕೇಪ್‌ನಲ್ಲಿ 'ಇ' ಕೀ ಒತ್ತಿ, ಕಂಟ್ರೋಲ್ ಹಿಡಿದು ಎಳೆದರೆ ವೃತ್ತ. ಕಂಟ್ರೋಲ್ ಜೊತೆ 'ಡಿ' ಒತ್ತಿದರೆ ಅದರ ಮೇಲೇ ಪ್ರತಿ ಕೂರುತ್ತದೆ. ಅದನ್ನು ಬಲಬಾಣದ ಕೀಯಿಂದ ಸರಿಸಿ, ಎರಡನ್ನೂ ಆರಿಸಿ, ಪಾತ್ ಮೆನುವಿನ ಡಿಫರೆನ್ಸ್ ಒತ್ತಿದರೆ ಮುಗಿಯಿತು. ಎಡವುವ ಜಾಗ ಒಂದೇ. ಇಲ್ಲಿ ಮೇಲಿರುವುದು ಕೆಳಗಿರುವುದನ್ನು ಕತ್ತರಿಸುತ್ತದೆ. ಪ್ರತಿಯ ಬದಲು ಮೂಲ ವೃತ್ತವೇ ಮೇಲೆ ಕೂತಿದ್ದರೆ ಚಂದ್ರ ಉಲ್ಟಾ ದಿಕ್ಕಿಗೆ ಮುಖ ಮಾಡುತ್ತಾನೆ. ಅನ್‌ಡೂ ಮಾಡಿ, ಕತ್ತರಿಸಬೇಕಾದ ವೃತ್ತವನ್ನು ಆರಿಸಿ 'ಹೋಮ್' ಕೀಯಿಂದ ಮೇಲೆ ತಂದರೆ ಸರಿಹೋಗುತ್ತದೆ.

ಇಲ್ಲಸ್ಟ್ರೇಟರ್‌ನಲ್ಲಿ ಪಾತ್‌ಫೈಂಡರ್ ಪ್ಯಾನೆಲ್‌ನ ಮೈನಸ್ ಫ್ರಂಟ್ ಇದೇ ಕೆಲಸ ಮಾಡುತ್ತದೆ. ಹೊಸಬರಿಗೆ ಇದಕ್ಕಿಂತ ಹತ್ತಿರದ ದಾರಿ 2010ರಿಂದ ಇರುವ ಶೇಪ್ ಬಿಲ್ಡರ್: ಎರಡು ವೃತ್ತಗಳನ್ನು ಆರಿಸಿ, ಶಿಫ್ಟ್ ಜೊತೆ 'ಎಂ' ಒತ್ತಿ, ಬೇಡದ ಭಾಗಗಳ ಮೇಲೆ ಆಲ್ಟ್ ಹಿಡಿದು ಕ್ಲಿಕ್ ಮಾಡಿದರೆ ಅವು ಮಾಯ. ಯಾವುದು ಮೇಲೆ, ಯಾವುದು ಕೆಳಗೆ ಎಂಬ ಲೆಕ್ಕವೇ ಬೇಡ; ಕಣ್ಣಿಗೆ ಕಂಡದ್ದನ್ನು ಕಂಡಂತೆ ತೆಗೆಯಬಹುದು. ಇಂಥದೇ ಉಪಕರಣ ಇಂಕ್‌ಸ್ಕೇಪ್‌ಗೆ 2023ರ 1.3ನೇ ಆವೃತ್ತಿಯಲ್ಲಿ ಬಂತು. ಅಲ್ಲಿ ಕೊನೆಗೆ ಸಮ್ಮತಿಯ ಗುರುತು ಒತ್ತಿದ ಮೇಲೇ ಬದಲಾವಣೆ ಕಾಯಂ ಆಗುತ್ತದೆ.

ಕೋರೆಲ್‌ಡ್ರಾದಲ್ಲಿ ಗಲಿಬಿಲಿ ಬೇರೆ ಥರದ್ದು. ಎರಡು ವೃತ್ತ ಆರಿಸಿ ಟ್ರಿಮ್ ಒತ್ತಿದರೆ ಏನೂ ಆಗಿಲ್ಲವೆನ್ನಿಸುತ್ತದೆ. ನಿಜಕ್ಕೂ ಕತ್ತರಿಸಿಯಾಗಿರುತ್ತದೆ, ಕತ್ತರಿಯಾಗಿ ಕೆಲಸ ಮಾಡಿದ ವೃತ್ತ ಮಾತ್ರ ಜಾಗದಲ್ಲೇ ಕೂತಿರುತ್ತದೆ. ಅದನ್ನು ಆಚೆ ಎಳೆದರೆ ಕೆಳಗೆ ಚಂದ್ರ ಕಾಣುತ್ತಾನೆ. ಇಲ್ಲಿ ಕೊನೆಗೆ ಆರಿಸಿದ ಆಕಾರಕ್ಕೆ ಕತ್ತರಿ ಬೀಳುತ್ತದೆ ಎಂಬುದನ್ನೂ ನೆನಪಿಡಬೇಕು. ಇಷ್ಟು ತಿಳಿಯದೆ ಹತ್ತು ಸಲ ಟ್ರಿಮ್ ಒತ್ತುವವರು ಆಪ್ ಕೆಟ್ಟಿದೆ ಎಂದುಕೊಳ್ಳುವುದು ಸಹಜ.

ಅಫಿನಿಟಿಯಲ್ಲಿ ಸಬ್‌ಟ್ರ್ಯಾಕ್ಟ್ ಬಟನ್ ಮೇಲಿನ ಪಟ್ಟಿಯಲ್ಲೇ ಇದೆ, ಮೆನು ಹುಡುಕಬೇಕಿಲ್ಲ. ಆಲ್ಟ್ ಹಿಡಿದು ಅದನ್ನು ಒತ್ತಿದರೆ ಎರಡೂ ವೃತ್ತ ಒಳಗೆ ಜೀವಂತವಾಗಿ ಉಳಿಯುತ್ತವೆ. ನಾಳೆ ಚಂದ್ರ ತೆಳ್ಳಗಾಗಬೇಕೆಂದರೆ ಮೇಲಿನ ವೃತ್ತವನ್ನು ಸರಿಸಿದರಾಯಿತು. ಐದನೆಯದು ಫಿಗ್ಮಾ, ಪರದೆಯ ವಿನ್ಯಾಸಕ್ಕೆಂದು ಹುಟ್ಟಿದ ಆಪ್. ಅದರಲ್ಲಿ ಆಲ್ಟ್ ಕೂಡ ಬೇಡ. ಕಳೆದ ಆಕಾರ ತಾನಾಗಿ ಜೀವಂತ ಗುಂಪಾಗಿಯೇ ಇರುತ್ತದೆ, ಕಾಯಂ ಮಾಡಬೇಕೆಂದಾಗ ಫ್ಲ್ಯಾಟನ್ ಒತ್ತಬೇಕು. ಇಲ್ಲಸ್ಟ್ರೇಟರ್‌ನ ಪಾತ್‌ಫೈಂಡರ್‌ನಲ್ಲೂ ಆಲ್ಟ್-ಕ್ಲಿಕ್ ಹೀಗೇ ಕೆಲಸ ಮಾಡುತ್ತದೆ, ಆದರೆ ಅದನ್ನು ಯಾರಾದರೂ ಹೇಳಿಕೊಡದೆ ಹೊಸಬರಿಗೆ ಗೊತ್ತಾಗುವ ಹಾಗಿಲ್ಲ.

ಕಾಯಂ ಮಾಡಿದ ಚಂದ್ರನ ನೋಡ್‌ಗಳನ್ನು ಎಣಿಸಿ ನೋಡಿ. 6 ಇರಬೇಕು: ಹೊರಬಾಗಿನಲ್ಲಿ 3, ಚೂಪು ತುದಿಗಳಲ್ಲಿ 2, ಒಳಬಾಗಿನಲ್ಲಿ 1. ಅದಕ್ಕಿಂತ ಹೆಚ್ಚಿದ್ದರೆ ಎಲ್ಲೋ ಚೂರುಪಾರು ಉಳಿದಿದೆ ಎಂದರ್ಥ. ಪರದೆಯ ಮೇಲೆ ಅದು ಕಾಣದಿರಬಹುದು, ಕತ್ತರಿಸುವ ಯಂತ್ರಕ್ಕೆ ಕೊಟ್ಟಾಗ ಬ್ಲೇಡ್ ಅಲ್ಲಿ ಮುಗ್ಗರಿಸುತ್ತದೆ.

ಪೆನ್ ಟೂಲ್ ಎಂಬ ಗೋಡೆ

ಆಕಾರಗಳನ್ನು ಕೂಡಿ ಕಳೆಯುವವರೆಗೆ ಐದೂ ಆಪ್‌ಗಳ ನಡುವೆ ದೊಡ್ಡ ಅಂತರವಿಲ್ಲ. ಒಂದೊಂದೇ ನೋಡ್ ಇಟ್ಟು ಕೈಯಿಂದ ಬಾಗು ಎಳೆಯುವ ಪೆನ್ ಟೂಲ್ ಹಿಡಿದಾಗ ನಿಜವಾದ ಪರೀಕ್ಷೆ.

ಒಂದು ಸಾದಾ ಎಲೆಗೆ ಎರಡೇ ನೋಡ್ ಸಾಕು: ಬುಡದಲ್ಲಿ ಒಂದು, ತುದಿಯಲ್ಲಿ ಒಂದು. ಹೊಸಬರು ಪೆನ್ಸಿಲ್ ಹಿಡಿದ ರೂಢಿಯಲ್ಲಿ ಅಂಚಿನುದ್ದಕ್ಕೂ ಹತ್ತು ಹದಿನೈದು ಕಡೆ ಕ್ಲಿಕ್ ಮಾಡುತ್ತಾರೆ, ಎಲೆ ಉಬ್ಬುತಗ್ಗಾಗುತ್ತದೆ. ಪ್ರತಿ ನೋಡ್‌ನಲ್ಲೂ ಗೆರೆ ತನ್ನ ದಿಕ್ಕನ್ನು ಹೊಸದಾಗಿ ನಿರ್ಧರಿಸುತ್ತದೆ. ನೋಡ್ ಹೆಚ್ಚಿದಷ್ಟೂ ಬಾಗು ಒಂದಕ್ಕೊಂದು ಹೊಂದದೆ ಮುರಿಯುವ ಜಾಗಗಳು ಹೆಚ್ಚುತ್ತವೆ. ಗೆರೆ ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ಮುಟ್ಟುವ ಕಡೆ ಮತ್ತು ಚೂಪು ಮೂಲೆಗಳಲ್ಲಿ ಮಾತ್ರ ನೋಡ್ ಇಡಿ, ಹ್ಯಾಂಡಲ್‌ನ ಉದ್ದ ಆ ತುಂಡಿನ ಸುಮಾರು ಮೂರನೇ ಒಂದು ಭಾಗವಿರಲಿ. ಇಷ್ಟು ಪಾಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಎಲೆಯ ತುದಿ ಚೂಪಾಗಬೇಕಾದರೆ ಅಲ್ಲಿನ ಎರಡು ಹ್ಯಾಂಡಲ್‌ಗಳ ಜೋಡಿ ಮುರಿಯಬೇಕು. ಇಲ್ಲಸ್ಟ್ರೇಟರ್, ಅಫಿನಿಟಿಗಳಲ್ಲಿ ಆಲ್ಟ್ ಹಿಡಿದು ಒಂದು ಹ್ಯಾಂಡಲ್ ಎಳೆದರೆ ಮುರಿಯುತ್ತದೆ. ಇಂಕ್‌ಸ್ಕೇಪ್‌ನಲ್ಲಿ ನೋಡ್ ಆರಿಸಿ ಶಿಫ್ಟ್ ಜೊತೆ 'ಸಿ', ಮತ್ತೆ ನುಣುಪಾಗಿಸಲು ಶಿಫ್ಟ್ ಜೊತೆ 'ಎಸ್'. ಜೊತೆಗೆ ಅದೇ ಕೆಲಸದ ಬಟನ್‌ಗಳು ಚಿತ್ರಸಮೇತ ಮೇಲಿನ ಪಟ್ಟಿಯಲ್ಲೇ ಇರುತ್ತವೆ. ಕಲಿಯುವವರಿಗೆ ಇದು ದೊಡ್ಡ ಉಪಕಾರ. ಹೊರನೋಟಕ್ಕೆ ಒರಟು ಎನಿಸುವ ಇಂಕ್‌ಸ್ಕೇಪ್, ನೋಡ್ ತಿದ್ದುವ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಗೆರೆಯ ನಡುಭಾಗವನ್ನೇ ಹಿಡಿದು ಎಳೆದು ಬಾಗಿಸಬಹುದು; ಹ್ಯಾಂಡಲ್ ಎಂದರೆ ಹೆದರುವವರು ಅಲ್ಲಿಂದಲೇ ಶುರುಮಾಡಬಹುದು.

ಇಲ್ಲಸ್ಟ್ರೇಟರ್‌ನಲ್ಲಿ ಹೊಸಬರನ್ನು ಕಾಡುವುದು ಕಪ್ಪು ಬಾಣ, ಬಿಳಿ ಬಾಣ. ಕಪ್ಪು ಇಡೀ ಆಕಾರವನ್ನು ಹಿಡಿಯುತ್ತದೆ, ಬಿಳಿ ಒಂದೊಂದು ಬಿಂದುವನ್ನು. ಒಂದು ಬಿಂದು ಸರಿಸಲು ಹೋಗಿ ಇಡೀ ಚಿತ್ರ ಎಳೆದುಬಿಟ್ಟರೆ ಕೈಯಲ್ಲಿರುವುದು ಕಪ್ಪು ಬಾಣ. 'ವಿ' ಮತ್ತು 'ಎ' ಕೀಗಳು ಬೆರಳಿಗೆ ರೂಢಿಯಾಗುವವರೆಗೆ ಈ ಕಿರಿಕಿರಿ ತಪ್ಪದು. ಅಫಿನಿಟಿ ಇದೇ ಎರಡು ಕೀಗಳನ್ನು ಉಳಿಸಿಕೊಂಡಿರುವುದರಿಂದ ಒಂದನ್ನು ಕಲಿತವರಿಗೆ ಇನ್ನೊಂದು ಅಪರಿಚಿತ ಎನಿಸುವುದಿಲ್ಲ.

ಫಿಗ್ಮಾ ಇಲ್ಲಿ ಬೇರೆ ಹಾದಿ ಹಿಡಿದಿದೆ. ಉಳಿದವುಗಳಲ್ಲಿ ಒಂದು ಗೆರೆಗೆ ಒಂದು ಆರಂಭ, ಒಂದು ಅಂತ್ಯ. ಫಿಗ್ಮಾದ ವೆಕ್ಟರ್ ನೆಟ್‌ವರ್ಕ್‌ನಲ್ಲಿ ಒಂದೇ ಬಿಂದುವಿನಿಂದ ಮೂರು ನಾಲ್ಕು ಗೆರೆ ಹೊರಡಬಹುದು. ಘನಾಕೃತಿಯ ಐಕಾನ್ ಬಿಡಿಸುವಾಗ ಇದರ ಸುಖ ತಿಳಿಯುತ್ತದೆ: ಒಂದು ಮೂಲೆ ಎಳೆದರೆ ಅದಕ್ಕಂಟಿದ ಮೂರೂ ಗೆರೆಗಳು ಜೊತೆಗೇ ಬರುತ್ತವೆ.

ಫೋಟೋ ಹಾಕಿ, ಅದನ್ನು ತಾನಾಗಿ ಗೆರೆಗಳಾಗಿಸುವ ಟ್ರೇಸ್ ಬಟನ್ ಒತ್ತಿದರೆ ಇದೆಲ್ಲ ತಪ್ಪುತ್ತದಲ್ಲ ಎನ್ನುವವರಿದ್ದಾರೆ. ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್, ಕೋರೆಲ್‌ಡ್ರಾಗಳಲ್ಲಿ ಅದು ಮೊದಲಿಂದ ಇದೆ, ಅಫಿನಿಟಿಗೆ ಈಗ ಬಂದಿದೆ. ಎರಡು ಬಣ್ಣದ ಸ್ಪಷ್ಟ ಲೋಗೊಗೆ ಚೆನ್ನಾಗಿ ನಡೆಯುತ್ತದೆ. ಫೋಟೋಗೆ ಒತ್ತಿದರೆ ಸಾವಿರಾರು ನೋಡ್‌ಗಳ ರಾಶಿ ಸಿಗುತ್ತದೆ. ಆ ಗಂಟು ಬಿಡಿಸುವುದಕ್ಕಿಂತ ಹೊಸದಾಗಿ ಬಿಡಿಸುವುದೇ ಬೇಗ.

ಹಿಗ್ಗಿಸಿದಾಗ ಗೆರೆ ಯಾಕೆ ತೆಳುವಾಯಿತು?

20 ಮಿಲಿಮೀಟರ್ ಐಕಾನ್‌ಗೆ 1 ಮಿಲಿಮೀಟರ್ ದಪ್ಪದ ಅಂಚು ಹಾಕಿದ್ದೀರಿ. ಪೋಸ್ಟರ್‌ಗೆಂದು 200 ಮಿಲಿಮೀಟರ್‌ಗೆ ಹಿಗ್ಗಿಸಿದಿರಿ. ಅಂಚು 10 ಮಿಲಿಮೀಟರ್ ಆಗಬೇಕೋ, 1ರಲ್ಲೇ ಉಳಿಯಬೇಕೋ? ಎರಡೂ ಸರಿಯೇ, ಆಪ್‌ಗೆ ಹೇಳಿರಬೇಕು ಅಷ್ಟೆ. ಇಲ್ಲಸ್ಟ್ರೇಟರ್‌ನಲ್ಲಿ ಈ ಆಯ್ಕೆ ಪ್ರಿಫರೆನ್ಸಸ್‌ನೊಳಗೆ 'ಸ್ಕೇಲ್ ಸ್ಟ್ರೋಕ್ಸ್ ಅಂಡ್ ಎಫೆಕ್ಟ್ಸ್' ಎಂಬ ಹೆಸರಲ್ಲಿದೆ. ಇಂಕ್‌ಸ್ಕೇಪ್‌ನಲ್ಲಿ ಆಯ್ಕೆಯ ಬಾಣ ಕೈಯಲ್ಲಿದ್ದಾಗ ಮೇಲಿನ ಪಟ್ಟಿಯ ಸಣ್ಣ ಬಟನ್. ಅಫಿನಿಟಿಯ ಸ್ಟ್ರೋಕ್ ಪ್ಯಾನೆಲ್‌ನಲ್ಲೂ, ಕೋರೆಲ್‌ಡ್ರಾದಲ್ಲಿ 'ಎಫ್12' ಒತ್ತಿದಾಗ ತೆರೆಯುವ ಔಟ್‌ಲೈನ್ ಪೆನ್‌ನಲ್ಲೂ 'ಸ್ಕೇಲ್ ವಿತ್ ಆಬ್ಜೆಕ್ಟ್' ಎಂಬ ಗುರುತು ಸಿಗುತ್ತದೆ. ಫಿಗ್ಮಾದಲ್ಲಿ ಮೂಲೆ ಹಿಡಿದೆಳೆದರೆ ಅಂಚು ಹಾಗೇ ಉಳಿಯುತ್ತದೆ, 'ಕೆ' ಒತ್ತಿ ಸ್ಕೇಲ್ ಟೂಲ್‌ನಿಂದ ಎಳೆದರೆ ಅದೂ ಹಿಗ್ಗುತ್ತದೆ. ಲೋಗೊ ಬೇರೆಯವರ ಕೈಸೇರುವ ಮುನ್ನ ಅಂಚನ್ನೇ ಆಕಾರವಾಗಿ ಬದಲಿಸಿಟ್ಟರೆ ಈ ಗೊಡವೆಯೇ ಇರುವುದಿಲ್ಲ.

ಒತ್ತಕ್ಷರದ ಪರೀಕ್ಷೆ

ಕನ್ನಡದಲ್ಲಿ ಕೆಲಸ ಮಾಡುವವರು ಆಪ್ ಆರಿಸುವ ಮುನ್ನ 'ಸ್ತ್ರೀ', 'ಅರ್ಕ', 'ಲಕ್ಷ್ಮಿ' ಈ ಮೂರನ್ನು ಯೂನಿಕೋಡ್ ಫಾಂಟ್‌ನಲ್ಲಿ ಟೈಪ್ ಮಾಡಿ ನೋಡಬೇಕು. ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ, ಅರ್ಕಾವತ್ತು ಕೂಡದಿದ್ದರೆ, ಆ ಆಪ್‌ಗೆ ಅಕ್ಷರ ಜೋಡಿಸುವ ವಿದ್ಯೆ ಗೊತ್ತಿಲ್ಲ ಅಥವಾ ಅದನ್ನು ಚಾಲೂ ಮಾಡಿಲ್ಲ ಎಂದರ್ಥ. ಫಾಂಟ್ ಬದಲಿಸುತ್ತ ಕೂತು ಪ್ರಯೋಜನವಿಲ್ಲ.

ಇಂಕ್‌ಸ್ಕೇಪ್ ಈ ಜೋಡಣೆಗೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತದೆ, ಬೇರೆ ಯಾವ ಹೊಂದಾಣಿಕೆಯೂ ಬೇಕಿಲ್ಲ. ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ತೋರಿಸುವಂತೆ ಗುರುತು ಹಾಕಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಕಂಪೋಸರ್ (ಅಕ್ಷರ ಜೋಡಿಸುವ ವ್ಯವಸ್ಥೆ) ಆರಿಸಬೇಕಾಗಬಹುದು. ಹೊಸ ಆವೃತ್ತಿಗಳಲ್ಲಿ ಅದಕ್ಕೆ 'ವರ್ಲ್ಡ್-ರೆಡಿ' ಎಂಬ ಹೆಸರಿದೆ. ಅಫಿನಿಟಿಯ 1 ಮತ್ತು 2ನೇ ಆವೃತ್ತಿಗಳು ಈ ಪರೀಕ್ಷೆಯಲ್ಲಿ ಸೋತಿದ್ದವು. ಹಾಗಾಗಿ ಹೊಸದನ್ನು ಇಳಿಸಿಕೊಂಡವರು ಮೊದಲ ಐದು ನಿಮಿಷದಲ್ಲೇ ಈ ಮೂರು ಪದ ಬರೆದು ನೋಡಲಿ. ಮುರಿದು ಬಂದರೆ, ಅಕ್ಷರಗಳನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು, ಶಿಫ್ಟ್ ಮತ್ತು ಕಂಟ್ರೋಲ್ ಜೊತೆ 'ಸಿ' ಒತ್ತಿ ಆಕಾರವಾಗಿಸಿ, ಎಸ್‌ವಿಜಿ ಎಂಬ ವೆಕ್ಟರ್ ಫೈಲ್ ರೂಪದ ಮೂಲಕ ತರಬಹುದು. ಆಕಾರವಾದ ಮೇಲೆ ಕಾಗುಣಿತ ತಿದ್ದಲಾಗದು, ಅಕ್ಷರವಿರುವ ಪ್ರತಿಯೊಂದನ್ನು ಬೇರೆ ಇಟ್ಟುಕೊಂಡಿರಬೇಕು.

ಫೈಲ್ ಊರು ಬಿಟ್ಟಾಗ

ಎಸ್‌ವಿಜಿ 2001ರಿಂದ ವೆಬ್‌ನ ಅಧಿಕೃತ ಮಾನದಂಡ. ಇಂಕ್‌ಸ್ಕೇಪ್ ತನ್ನ ಕೆಲಸವನ್ನೆಲ್ಲ ಅದರಲ್ಲೇ ಉಳಿಸುತ್ತದೆ. ಉಳಿದವು ತಮ್ಮದೇ ರೂಪದಲ್ಲಿಟ್ಟು, ಕೇಳಿದಾಗ ಎಸ್‌ವಿಜಿ ಕೊಡುತ್ತವೆ. ಎಡವುವುದು ಈ ದಾಟುವಿಕೆಯಲ್ಲಿ.

ಇಲ್ಲಸ್ಟ್ರೇಟರ್‌ನಲ್ಲಿ 100 ಮಿಲಿಮೀಟರ್ ಅಳತೆಗೆ ಬಿಡಿಸಿದ್ದು ಇಂಕ್‌ಸ್ಕೇಪ್‌ನಲ್ಲಿ 75 ಮಿಲಿಮೀಟರ್ ಆಗಿ ತೆರೆಯುವುದು ಬಹಳ ಜನ ಕಂಡ ಸಮಸ್ಯೆ. ಇಲ್ಲಸ್ಟ್ರೇಟರ್ ಒಂದು ಇಂಚಿಗೆ 72 ಪಿಕ್ಸೆಲ್ ಎಂದು ಎಣಿಸುತ್ತದೆ, ಇಂಕ್‌ಸ್ಕೇಪ್ 0.92ನೇ ಆವೃತ್ತಿಯಿಂದ ಈಚೆಗೆ ವೆಬ್‌ನ ನಿಯಮದಂತೆ 96. 72ನ್ನು 96ರಿಂದ ಭಾಗಿಸಿದರೆ ಮುಕ್ಕಾಲು. ಶೇ. 133.33ಕ್ಕೆ ಹಿಗ್ಗಿಸಿದರೆ ಅಳತೆ ಸರಿಯಾಗುತ್ತದೆ.

ಇಲ್ಲಸ್ಟ್ರೇಟರ್‌ನ ಫೈಲನ್ನು ಅಫಿನಿಟಿ, ಇಂಕ್‌ಸ್ಕೇಪ್ ತೆರೆಯುವುದೂ ಒಂದು ಷರತ್ತಿನ ಮೇಲೆ. ಅವು ಓದುವುದು ಆ ಫೈಲಿನೊಳಗೆ ಅಡಗಿರುವ ಪಿಡಿಎಫ್ ಭಾಗವನ್ನು. ಉಳಿಸುವಾಗ 'ಪಿಡಿಎಫ್ ಕಂಪ್ಯಾಟಿಬಲ್' ಗುರುತು ತೆಗೆದಿದ್ದರೆ ಒಳಗೆ ಓದಲು ಏನೂ ಸಿಗುವುದಿಲ್ಲ.

ಮುದ್ರಣಕ್ಕೆ ಹೋಗುವವರು ಇನ್ನೊಂದನ್ನು ಗಮನಿಸಬೇಕು. ಇಂಕ್‌ಸ್ಕೇಪ್ 1.4ರವರೆಗೂ ಕೊಡುವ ಪಿಡಿಎಫ್ ಪರದೆಯ ಕೆಂಪು-ಹಸಿರು-ನೀಲಿ ಬಣ್ಣದಲ್ಲಿರುತ್ತದೆ, ಮುದ್ರಣದ ನಾಲ್ಕು ಶಾಯಿಯ ಲೆಕ್ಕದಲ್ಲಲ್ಲ. ಫಿಗ್ಮಾ ಕೂಡ ಪರದೆಗೆಂದೇ ಹುಟ್ಟಿದ್ದು. ಬಣ್ಣ ಕರಾರುವಾಕ್ಕಾಗಿ ಬರಲೇಬೇಕೆಂದರೆ ಇಲ್ಲಸ್ಟ್ರೇಟರ್, ಕೋರೆಲ್‌ಡ್ರಾ, ಅಫಿನಿಟಿ ಈ ಮೂರರಲ್ಲಿ ಆರಿಸುವುದು ಕ್ಷೇಮ.

ಮೂರು ವಾದಗಳು

ಉಚಿತವನ್ನು ಸ್ವಾಗತಿಸುವವರು ಹೇಳುವುದು ಸರಳ: ವೃತ್ತಿಪರ ಉಪಕರಣ ಯಾರ ಕೈಗೂ ಎಟುಕುವಂತಾಯಿತು, ಚಂದಾ ಕಟ್ಟಲಾಗದ ವಿದ್ಯಾರ್ಥಿಯೂ ಮುದ್ರಣಕ್ಕೆ ಸಿದ್ಧವಾದ ಕೆಲಸ ಮಾಡಬಹುದು. ಇದು ನಿಜ, ಸಣ್ಣ ಮಾತೂ ಅಲ್ಲ.

ಅನುಮಾನಿಸುವವರು ಕ್ಯಾನ್ವಾ ಕೊಟ್ಟ ಭರವಸೆಯತ್ತ ಬೆರಳು ಮಾಡುತ್ತಾರೆ. ಕೊಂಡ ವಸ್ತುವಿನ ಮೇಲೆ ಕೊಂಡವರಿಗೆ ಹಕ್ಕಿದೆ. ಖಾತೆಯ ಮೂಲಕ ಉಚಿತವಾಗಿ ಸಿಕ್ಕಿದ್ದರ ನಿಯಮ ನಾಳೆ ಬದಲಾಗಬಹುದು. ಹಿಂದಿನ ಉದಾಹರಣೆಯೂ ಇದೆ. ಇಲ್ಲಸ್ಟ್ರೇಟರ್‌ಗೆ ಸರಿಸಾಟಿಯಾಗಿದ್ದ ಫ್ರೀಹ್ಯಾಂಡ್, 2005ರಲ್ಲಿ ಮ್ಯಾಕ್ರೊಮೀಡಿಯಾ ಕಂಪನಿಯ ಜೊತೆಗೆ ಅಡೋಬಿಯ ಪಾಲಾಯಿತು, 2007ರಲ್ಲಿ ಅದರ ಬೆಳವಣಿಗೆ ನಿಂತೇಹೋಯಿತು. ಅದನ್ನೇ ನೆಚ್ಚಿದ್ದವರು ವರ್ಷಗಳ ಕೆಲಸವನ್ನು ಬೇರೆಡೆಗೆ ಸಾಗಿಸಬೇಕಾಯಿತು.

ಮುಕ್ತ ತಂತ್ರಾಂಶದ ಪಕ್ಷದವರ ಮಾತು ಇದರ ಮುಂದುವರಿಕೆ: ಇಂಕ್‌ಸ್ಕೇಪ್‌ನ ಮೂಲಸಂಕೇತ ಎಲ್ಲರದು, ಯಾವ ಕಂಪನಿಯೂ ಅದನ್ನು ಕೊಂಡು ಮುಚ್ಚಲಾರದು. ಅದಕ್ಕೆ ತೆರುವ ಬೆಲೆ ನಿಧಾನಗತಿ. 2003ರಲ್ಲಿ ಶುರುವಾದ ಇಂಕ್‌ಸ್ಕೇಪ್ 1.0ನೇ ಆವೃತ್ತಿ ಮುಟ್ಟಿದ್ದು 2020ರಲ್ಲಿ. ಮಸುಕು, ನೆರಳು ತುಂಬಿದ ಭಾರದ ಚಿತ್ರಗಳಲ್ಲಿ ಈಗಲೂ ಅದು ತೆವಳುತ್ತದೆ.

ಇದರಿಂದ ಏನಾಗಬಹುದು?

ಅಫಿನಿಟಿ ಉಚಿತವಾದ್ದರಿಂದ ಹೊಸಬರ ದೊಡ್ಡ ಪಾಲು ಅತ್ತ ಹೋಗುವುದು ಖಚಿತ. ಕಲಿಸುವ ವಿಡಿಯೊಗಳೂ ಪಾಠಗಳೂ ಜನರ ಹಿಂದೆ ಬರುತ್ತವೆ. ಆದರೆ ಗುಂಪಿನಲ್ಲಿ ಕೆಲಸ ಮಾಡುವ ಕಡೆ ಇಲ್ಲಸ್ಟ್ರೇಟರ್ ಅಲುಗುವುದು ಕಷ್ಟ. ಅಲ್ಲಿ ಎಲ್ಲರ ಹಳೆಯ ಫೈಲುಗಳೂ ಅದರದೇ ರೂಪದಲ್ಲಿವೆ, ಒಬ್ಬರು ಬದಲಾಗಿ ಪ್ರಯೋಜನವಿಲ್ಲ. ಬೋರ್ಡು, ಸ್ಟಿಕ್ಕರು, ಕತ್ತರಿಸುವ ಯಂತ್ರಗಳ ಕೆಲಸದಲ್ಲಿ ಕೋರೆಲ್‌ಡ್ರಾ ಬೇರೂರಿರುವುದೂ ಇದೇ ಕಾರಣಕ್ಕೆ.

ಹಾಗಾದರೆ ಈಗ ಶುರುಮಾಡುವವರು? ಪರದೆಗೆ ಐಕಾನ್ ಬಿಡಿಸುವುದಾದರೆ ಫಿಗ್ಮಾದಲ್ಲಿ ಮೊದಲ ದಿನವೇ ಕೆಲಸ ಕೈಗೂಡುತ್ತದೆ. ಮುದ್ರಣವೂ ಬೇಕು, ದುಡ್ಡಿಲ್ಲ ಎನ್ನುವವರು ಅಫಿನಿಟಿ ಹಿಡಿಯಬಹುದು, ಒತ್ತಕ್ಷರದ ಪರೀಕ್ಷೆ ಮುಗಿಸಿಕೊಂಡು. ಕನ್ನಡ ಅಕ್ಷರವೇ ಪ್ರಧಾನವಾದ ಕೆಲಸಕ್ಕೆ, ಲಿನಕ್ಸ್ ಬಳಸುವವರಿಗೆ, ಗಣಿತ ಅರಿತು ಗಟ್ಟಿಯಾಗಿ ಕಲಿಯಬೇಕೆನ್ನುವವರಿಗೆ ಇಂಕ್‌ಸ್ಕೇಪ್. ಕೆಲಸಕ್ಕೆ ಸೇರುವ ಕಡೆ ಇಲ್ಲಸ್ಟ್ರೇಟರ್ ಕೇಳುತ್ತಾರೆಂದು ಗೊತ್ತಿದ್ದರೆ ನೇರ ಅದಕ್ಕೇ ಹೋಗುವುದು ಮೇಲು.

ಯಾವುದನ್ನು ಹಿಡಿದರೂ ಮುಗಿದ ಕೆಲಸದ ಮೂರು ಪ್ರತಿ ಇಡಿ: ಆಪ್‌ನ ಸ್ವಂತ ರೂಪದ್ದು, ಅಕ್ಷರಗಳನ್ನು ಆಕಾರವಾಗಿಸಿದ ಎಸ್‌ವಿಜಿ, ಒಂದು ಪಿಡಿಎಫ್. ಆ ಎಸ್‌ವಿಜಿಯನ್ನು ಬ್ರೌಸರ್‌ನಲ್ಲಿ ತೆರೆದು ನೋಡಿದರೆ ಏನಾದರೂ ಕಳಚಿಬಿದ್ದಿದೆಯೇ ಎಂಬುದು ಕೂಡಲೇ ತಿಳಿಯುತ್ತದೆ. ಅಫಿನಿಟಿಯ 2ನೇ ಆವೃತ್ತಿಯನ್ನು ಮೊದಲೇ ಕೊಂಡಿದ್ದವರು ಅದನ್ನು ಸದ್ಯಕ್ಕೆ ಅಳಿಸಬೇಡಿ. ಹಳೆಯ ಫೈಲುಗಳನ್ನು ಹೊಸ ಆಪ್ ತೆರೆಯುತ್ತದೆ, ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ತೆರೆಯುವುದಿಲ್ಲ. ಹೊಸದಕ್ಕೆ ಹೋಗುವ ಮುನ್ನ ಹಳೆಯ ಫೈಲುಗಳ ಫೋಲ್ಡರನ್ನು ಇದ್ದಂತೆಯೇ ಬೇರೊಂದು ಕಡೆ ನಕಲು ಮಾಡಿಟ್ಟುಕೊಳ್ಳಿ.